ಬೇಕರಿ ತಾತ ದೇವರಾಗಿದ್ದಷ್ಟು ದಿನ

ಬೇಕರಿ ತಾತನ ಗಡ್ಡ ಬೆಳ್ಳಗಾದದ್ದು ವಯಸ್ಸಿನಿಂದಲೋ ಮೈದಾ ಹಿಟ್ಟಿನಿಂದಲೋ ಎಂದು ಆ ಬೀದಿಯಲ್ಲಿ ಯಾರೂ ಖಚಿತವಾಗಿ ಹೇಳುತ್ತಿರಲಿಲ್ಲ. ಎದೆಯವರೆಗೆ ಇಳಿದ ಗಡ್ಡ, ದಪ್ಪ ಹುಬ್ಬು, ಭಟ್ಟಿಯ ಶಾಖಕ್ಕೆ ಸದಾ ಕೆಂಪಾಗಿರುತ್ತಿದ್ದ ಮುಖ. ಹೊಸಬರು ನೋಡಿದರೆ ಒಂದು ಹೆಜ್ಜೆ ಹಿಂದೆ ಸರಿಯಬೇಕು, ಅಂಥ ಆಕಾರ. ಆದರೆ ಮನುಷ್ಯ ಮಾತ್ರ ಬೆಣ್ಣೆ. ಅವನ ಬೈಗುಳವೆಲ್ಲ ಭಟ್ಟಿಗೆ ಮೀಸಲು. ಸೌದೆ ಹಸಿಯಾಗಿದ್ದರೆ, ಹಿಟ್ಟು ಉಬ್ಬದಿದ್ದರೆ, ಬನ್ನಿನ ತಳ ಸೀದುಹೋದರೆ ಅವನ ಬಾಯಿಂದ ಬರುತ್ತಿದ್ದ ಮಾತು ಹೊರಗೆ ಕೇಳದಿರಲೆಂದು, ಮುಂದೆ ಗಲ್ಲಾದಲ್ಲಿ ಕೂತ ಅವನ ಅಕ್ಕ ಗಿರಾಕಿಗಳ ಎದುರು ಸುಮ್ಮಸುಮ್ಮನೆ ಜೋರಾಗಿ ಕೆಮ್ಮುತ್ತಿದ್ದಳು. ಆ ಕೆಮ್ಮಿಗೆ ಔಷಧಿ ಹೇಳದ ಗಿರಾಕಿಯೇ ಇರಲಿಲ್ಲ.

ಈ ಅಕ್ಕ ಅವನಿಗಿಂತ ಹಿರಿಯಳು. ಮೈಯೆಲ್ಲ ಒಣಗಿ ಕಡ್ಡಿಯಾಗಿದ್ದರೂ ನಾಲಿಗೆಗೆ ಇನ್ನೂ ಮುಪ್ಪು ಬಂದಿರಲಿಲ್ಲ. ತಮ್ಮನ ಹೆಂಡತಿ ತೀರಿಕೊಂಡ ಮೇಲೆ ಅವನ ಮನೆಗೆ ಬಂದವಳು, ಅಂಗಡಿಯ ಚಿಲ್ಲರೆಯನ್ನೂ ತಮ್ಮನ ಆತ್ಮವನ್ನೂ ಒಟ್ಟಿಗೇ ವಹಿಸಿಕೊಂಡಿದ್ದಳು. ಮೊದಲನೆಯದು ಅವಳ ಹಿಡಿತದಲ್ಲಿತ್ತು. ಎರಡನೆಯದು ಪ್ರತಿ ಭಾನುವಾರ ಚರ್ಚಿನ ಕೊನೆಯ ಬೆಂಚಿನಲ್ಲಿ ಗೋಡೆಗೆ ತಲೆಯಾನಿಸಿ ಗೊರಕೆ ಹೊಡೆಯುತ್ತಿತ್ತು.

ನಸುಕಿನಲ್ಲೇ ಎದ್ದು ಭಟ್ಟಿ ಹಚ್ಚುವವನಿಗೆ ನಿದ್ದೆ ಬರುವುದು ಸಹಜ ಎಂದು ಜನ ಸುಮ್ಮನಿದ್ದರು. ಅದು ಬರೀ ನಿದ್ದೆಯಲ್ಲ ಎಂದು ಅಕ್ಕನಿಗೆ ಗೊತ್ತಿತ್ತು. ಅದು ಮುನಿಸು. ಹೆಂಡತಿ ಆಸ್ಪತ್ರೆಯಲ್ಲಿದ್ದಾಗ ತಾತ ಹಗಲೂ ರಾತ್ರಿ ಅವಳ ಪಕ್ಕದಲ್ಲೇ ಕೂತಿದ್ದ. ಒಂದು ದಿನ ಬೆಳಗ್ಗೆ ಅವಳೇ, ಹಾಸ್ಟೆಲಿನ ಹುಡುಗರಿಗೆ ಬ್ರೆಡ್ಡು ಹೋಗಬೇಕಲ್ಲ, ಭಟ್ಟಿ ನೋಡಿಕೊಂಡು ಬಾ ಎಂದು ಕಳಿಸಿದಳು. ಅವನು ತಿರುಗಿ ಬರುವಷ್ಟರಲ್ಲಿ ಅವಳ ಮುಖದ ಮೇಲೆ ಹೊದಿಕೆ ಎಳೆದಿದ್ದರು. ಆಗ ಅವಳ ಹತ್ತಿರ ಯಾರಿದ್ದರು ಎಂದು ಕೇಳಿದ. ನರ್ಸಮ್ಮ ಬೇರೆ ಹಾಸಿಗೆಯ ಹತ್ತಿರ ಇದ್ದಳಂತೆ. ಯಾರೂ ಇರಲಿಲ್ಲ.

ದೇವರಿದ್ದ ಕಣೋ, ಎಂದಿದ್ದಳು ಅಕ್ಕ, ಸಮಾಧಾನ ಹೇಳಲು. ನೀನು ನೋಡಿದೆಯಾ ಎಂದು ಅವನು ಕೇಳಿದ. ಅಂದಿನಿಂದ ಅವನು ದೇವರೊಂದಿಗೆ ಮಾತು ಬಿಟ್ಟ. ಜಗಳವಾಡೋಣವೆಂದರೂ ಎದುರಿಗೆ ಒಂದು ಮುಖ ಬೇಡವೇ ಎಂಬುದು ಅವನ ವಾದ. ಕಾಣದ ದೇವರ ಬಗ್ಗೆ ಪಾದ್ರಿಗಳು ಒಮ್ಮೆ ಹಿಟ್ಟಿನೊಳಗಿನ ಯೀಸ್ಟಿನ ಉದಾಹರಣೆ ಕೊಟ್ಟಾಗ ಮಾತ್ರ ಕೊನೆಯ ಬೆಂಚು ಎಚ್ಚರಗೊಂಡು, ಯೀಸ್ಟು ಕಾಣದೇ ಏನು, ನಮ್ಮ ಮನೇಲಿ ಡಬ್ಬದ ತುಂಬ ಇದೆ ಎಂದು ಗೊಣಗಿ ಮತ್ತೆ ಮಲಗಿತ್ತು.

ಇಂಥವನನ್ನು ದೇವರ ಪಟ್ಟಕ್ಕೇರಿಸಿದ್ದು ಎದುರುಗಡೆಯ ಬೋರ್ಡಣ್ಣ.

ಬೋರ್ಡಣ್ಣ ಆ ಬೀದಿಯ ಅಂಗಡಿಗಳಿಗೆಲ್ಲ ಬೋರ್ಡು ಬರೆದುಕೊಟ್ಟವನು. ಬೇಕರಿಯ ಎದುರಿನ ತಗಡಿನ ಶೆಡ್ಡೇ ಅವನ ಕಾರ್ಖಾನೆ. ಕೈ ಒಳ್ಳೆಯದು, ಬಣ್ಣದ ಹದ ಗೊತ್ತು. ಒಂದೇ ಒಂದು ತೊಡಕೆಂದರೆ ಕಣ್ಣಾರೆ ಕಂಡದ್ದನ್ನು ಬಿಟ್ಟು ಬೇರೇನನ್ನೂ ಬರೆಯಲು ಅವನಿಗೆ ಬರುತ್ತಿರಲಿಲ್ಲ. ವ್ಯಾಯಾಮ ಶಾಲೆಯವರು ಸಿಂಹ ಬೇಕೆಂದಾಗ ಬರೆದುಕೊಟ್ಟ. ಕೇಸರವೆಲ್ಲ ಸರಿಯಾಗಿತ್ತು, ಆದರೆ ಮುಖ ದರ್ಜಿಯ ನಾಯಿಯದು. ಕನ್ನಡಕದಂಗಡಿಯ ಬೋರ್ಡಿನ ಮೇಲಿದ್ದ ಸುಂದರಿಯನ್ನು ನೋಡಿ ಅವನ ಸ್ವಂತ ಹೆಂಡತಿ ಮೂರು ದಿನ ಮಾತು ಬಿಟ್ಟಿದ್ದಳು, ಏಕೆಂದರೆ ಅದು ಪಕ್ಕದ ಮನೆಯವಳ ಹಾಗಿತ್ತು. ಬೇಕೆಂದು ಮಾಡುತ್ತಿರಲಿಲ್ಲ ಪಾಪ. ಅವನ ಕೈ ಅವನನ್ನು ಕೇಳದೆ ತನಗೆ ಪರಿಚಯವಿದ್ದವರ ಹತ್ತಿರ ಹೋಗಿಬಿಡುತ್ತಿತ್ತು.

ಚರ್ಚಿನ ಹಿಂದೆ ಮಕ್ಕಳ ಸಂಡೇ ಸ್ಕೂಲಿನ ಕೋಣೆಯಿತ್ತು. ಸುಣ್ಣ ಕಿತ್ತುಬಂದ ಅದರ ಗೋಡೆಯ ಮೇಲೆ ಸೃಷ್ಟಿಯ ಚಿತ್ರ ಬರೆಸಬೇಕೆಂದು ಸಭೆಯ ಹಿರಿಯರು ತೀರ್ಮಾನಿಸಿದರು. ಪಾದ್ರಿಗಳು ಬೇರೆ ಊರಿಗೆ ಹೋಗಿದ್ದರು; ಅವರು ಬರುವಷ್ಟರಲ್ಲಿ ಮುಗಿಸಿ ಖುಷಿಪಡಿಸೋಣವೆಂಬ ಆಸೆ. ಬೋರ್ಡಣ್ಣ ನೀರು ಬರೆದ, ಮೀನು ಬರೆದ, ಹಣ್ಣಿನ ಗಿಡ, ಹಕ್ಕಿ, ಕುದುರೆ, ಮೂಲೆಯಲ್ಲೊಂದು ಮೇಕೆ ಬರೆದ. ಕೊನೆಗೆ ಮೇಲೆ, ಮೋಡಗಳ ನಡುವೆ, ಕೈ ಚಾಚಿ ನಿಂತ ತಂದೆ ದೇವರನ್ನೂ ಬರೆದ.

ಭಾನುವಾರ ಹಿರಿಯರೇ ನಡೆಸಿದ ಆರಾಧನೆ ಮುಗಿದ ಮೇಲೆ ಎಲ್ಲರೂ ನೋಡಲು ಹೋದರು. ಗಡ್ಡ, ಹುಬ್ಬು, ಕೆಂಪು ಕೆನ್ನೆ. ಸಾಲದ್ದಕ್ಕೆ, ವರ್ಷಗಳ ಹಿಂದೆ ಭಟ್ಟಿಯ ಬೆಂಕಿ ತಗುಲಿ ತಾತನ ಎಡ ಹುಬ್ಬು ಅರ್ಧ ಸುಟ್ಟು ಮತ್ತೆ ಬೆಳೆದಿರಲಿಲ್ಲ. ಆಕಾಶ ಭೂಮಿಗಳನ್ನು ಸೃಷ್ಟಿಸುತ್ತಿದ್ದ ದೇವರಿಗೂ ಎಡಗಡೆ ಅರ್ಧವೇ ಹುಬ್ಬು.

"ಇದು ನಮ್ಮವನಲ್ವಾ?" ಎಂದಳು ಅಕ್ಕ.

ಬೋರ್ಡಣ್ಣ ತನ್ನ ಚಿತ್ರವನ್ನೊಮ್ಮೆ, ಬಾಗಿಲಲ್ಲಿ ಆಕಳಿಸುತ್ತ ನಿಂತಿದ್ದ ತಾತನನ್ನೊಮ್ಮೆ ನೋಡಿ ಕಕ್ಕಾಬಿಕ್ಕಿಯಾದ. ಅವನಿಗೂ ಆಗಲೇ ಗೊತ್ತಾದದ್ದು. ದೊಡ್ಡವರು ನಗು ತಡೆದುಕೊಳ್ಳಲು ಪಟ್ಟ ಪಾಡು ಅಷ್ಟಿಷ್ಟಲ್ಲ. ಅದೇ ಹೊತ್ತಿಗೆ ಊರಿಗೆ ಬಂದಿಳಿದ ಪಾದ್ರಿಗಳು ಗೋಡೆ ನೋಡಿದರು, ಬೋರ್ಡಣ್ಣನ ಮುಖ ನೋಡಿದರು. ಅಷ್ಟು ಪ್ರೀತಿಯಿಂದ ಮಾಡಿದ ಕೆಲಸವನ್ನು ಒಂದೇ ಮಾತಿಗೆ ಅಳಿಸು ಎನ್ನಲು ಅವರಿಗೆ ಬಾಯಿ ಬರಲಿಲ್ಲ. ಮುಂದೆ ನೋಡೋಣ ಎಂದರು. ಒಳ್ಳೆಯವರು ಮಾಡುವ ತಪ್ಪುಗಳೆಲ್ಲ ಇಂಥವೇ.

ದೊಡ್ಡವರು ನಕ್ಕು ಮರೆತರು. ಮಕ್ಕಳು ನಗಲೂ ಇಲ್ಲ, ಮರೆಯಲೂ ಇಲ್ಲ. ಮರುದಿನದಿಂದ ಬೇಕರಿಯ ಮುಂದೆ ಬೀದಿಯ ಗಲಾಟೆಯೇ ನಿಂತುಹೋಯಿತು. ಕೆಲವರು ಎದುರುಬದಿಯಿಂದ ತಲೆ ತಗ್ಗಿಸಿ ನಡೆಯತೊಡಗಿದರು. ಅವರು ಹಿಂದಿನ ದಿನ ಏನೋ ಸುಳ್ಳು ಹೇಳಿರುತ್ತಿದ್ದರು. ಒಬ್ಬ ಹುಡುಗ ಎಂದೋ ಕದ್ದ ಬಿಸ್ಕತ್ತಿನ ಬದಲು ಮನೆಯಿಂದ ಬೇರೆ ಬಿಸ್ಕತ್ತು ತಂದು ಗಲ್ಲಾದ ಮೇಲಿಟ್ಟು ಓಡಿದ. ಇಷ್ಟು ದಿನ ತಾತನಿಗೆ ನೀವು, ತಾವು ಎನ್ನುತ್ತಿದ್ದ ಮಕ್ಕಳೆಲ್ಲ ಈಗ ನೀನು ಎನ್ನುತ್ತಿದ್ದವು. ಕಾಲ ಕೆಟ್ಟಿತು ಎಂದು ಅಕ್ಕ ಸಿಡಿಮಿಡಿಗೊಂಡಳು. ಪ್ರಾರ್ಥನೆಯಲ್ಲಿ ದೇವರನ್ನು ಹಾಗೆಯೇ ತಾನೇ ಕರೆಯುವುದು ಎಂದು ಅವಳಿಗೆ ಹೊಳೆದದ್ದು ಆಮೇಲೆ.

ತಾತನಿಗೆ ಇದರಿಂದ ಬೇಸರವಾಯಿತೆಂದು ಹೇಳಿದರೆ ಸುಳ್ಳಾದೀತು. ಅವನು ಗಡ್ಡಕ್ಕೆ ಬಾಚಣಿಗೆ ಹಾಕತೊಡಗಿದ. ಭಟ್ಟಿಯನ್ನು ಬೈಯುವಾಗ ದನಿ ತಗ್ಗಿಸುತ್ತಿದ್ದ. ಬಾಗಿಲಿಗೆ ಬರುವ ಮೊದಲು ಮುಖದ ಹಿಟ್ಟು ಒರೆಸಿಕೊಳ್ಳುತ್ತಿದ್ದ. ಸ್ವಂತ ಕನ್ನಡಕ ಎಲ್ಲಿಟ್ಟೆ ಅಂತ ಗೊತ್ತಿಲ್ಲದವನು ಜಗತ್ತನ್ನು ನಡೆಸುತ್ತಿದ್ದಾನಂತೆ ಎಂದು ಅಕ್ಕ ಬರುವವರಿಗೆಲ್ಲ ಹೇಳುತ್ತಿದ್ದಳು. ಅವನು ಅದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಮಕ್ಕಳಿಲ್ಲದ ಜೀವ. ಬೀದಿಯ ಮಕ್ಕಳೆಲ್ಲ ಕಣ್ಣರಳಿಸಿ ನೋಡಿದರೆ ಯಾರಿಗೆ ತಾನೇ ಹಿತವೆನಿಸದು?

ಆ ಹಿತ ಗುಬ್ಬಿ ಬರುವವರೆಗೆ ಮಾತ್ರ ಉಳಿಯಿತು.

ಗುಬ್ಬಿ ಎಂದರೆ ಹಿಂದಿನ ಓಣಿಯ ಹೊಲಿಗೆಯವಳ ಮಗಳು. ಮುಂದಿನ ಹಲ್ಲು ಬಿದ್ದು ಹೊಸದು ಇನ್ನೂ ಇಣುಕದ ವಯಸ್ಸು. ಹೊಲಿಗೆಯವಳಿಗೆ ಹೊಟ್ಟೆಯ ಕಾಯಿಲೆ. ಊರಿನ ಇನ್ನೊಂದು ತುದಿಯ ದೊಡ್ಡಾಸ್ಪತ್ರೆಯಲ್ಲಿ ಮಲಗಿದ್ದಳು. ಮಕ್ಕಳನ್ನು ವಾರ್ಡಿಗೆ ಬಿಡುತ್ತಿರಲಿಲ್ಲ. ಅಪ್ಪ ಲಾರಿ ಓಡಿಸುವವನು, ಒಂದು ಲೋಡು ಇಳಿಸಿ ಇನ್ನೊಂದು ತುಂಬುವ ನಡುವೆ ಆಸ್ಪತ್ರೆಗೆ ಓಡುತ್ತಿದ್ದ. ಹುಡುಗಿಯನ್ನು ನೋಡಿಕೊಳ್ಳಲು ಅವಳ ಚಿಕ್ಕಮ್ಮ ಬಂದಿದ್ದಳು.

ಒಂದು ಮಧ್ಯಾಹ್ನ, ಭಟ್ಟಿ ಆರುವ ಹೊತ್ತಿನಲ್ಲಿ, ತಾತ ಹಿಟ್ಟಿನ ಮೂಟೆಯ ಮೇಲೆ ಕೂತು ಬೆವರು ಒರೆಸಿಕೊಳ್ಳುತ್ತಿದ್ದಾಗ ಗುಬ್ಬಿ ಪಕ್ಕದ ಬಾಗಿಲಲ್ಲಿ ಬಂದು ನಿಂತಳು. ಅಮ್ಮ ಯಾವಾಗ ಮನೆಗೆ ಬರುತ್ತಾಳೆ ಎಂದು ಕೇಳಿದಳು. ಪಕ್ಕದವರ ಮಗು ಹಾಗೆ ಕೇಳಿದರೆ ಯಾರಾದರೂ ಹೇಳುವುದನ್ನೇ ತಾತನೂ ಹೇಳಿದ.

"ಬೇಗ ಬರ್ತಾಳಮ್ಮ."

ಅವಳು ತಲೆಯಾಡಿಸಿ ಹೊರಟುಹೋದಳು. ಕೊಟ್ಟ ಬನ್ನನ್ನೂ ಮರೆತು ಹೋದಳು. ಅದೇನು ಸಂತೋಷವೋ ಎಂದುಕೊಂಡು ತಾತ ಆ ಬನ್ನನ್ನು ತಾನೇ ತಿಂದ.

ಎರಡು ದಿನದ ಮೇಲೆ ಚಿಕ್ಕಮ್ಮ ಬಂದಳು. ಬ್ರೆಡ್ಡು ಕೊಳ್ಳಲು ಬಂದವಳ ಹಾಗೆ ಕಾಣಲಿಲ್ಲ. ಕಣ್ಣು ಊದಿಕೊಂಡಿತ್ತು. ಅಕ್ಕ ಅವಳನ್ನು ಒಳಗೆ ಕರೆದು ಕೂರಿಸಿದಳು. ಹೊಲಿಗೆಯವಳಿಗೆ ಆಪರೇಷನ್ ಮಾಡಲೇಬೇಕಂತೆ, ಆಮೇಲಿನದನ್ನು ಈಗಲೇ ಹೇಳಲಾಗದು ಎಂದು ಡಾಕ್ಟರು ಹೇಳಿದ್ದರು. ಇತ್ತ ಗುಬ್ಬಿ ಅಮ್ಮನ ದಿಂಬಿಗೆ ಒಗೆದ ಕವರು ಹಾಕಿ, ಹೊಲಿಗೆ ಮೆಷಿನ್ನಿನ ಧೂಳು ಒರೆಸಿ, ಶಾಲೆಯಿಂದ ಬಂದ ತಕ್ಷಣ ಹೊಸ್ತಿಲ ಮೇಲೆ ಕೂತುಬಿಡುತ್ತಿದ್ದಳು. ಕತ್ತಲಾದರೂ ಒಳಗೆ ಬರುತ್ತಿರಲಿಲ್ಲ.

"ಬೇಗ ಬರ್ತಾಳೆ ಅಂತ ದೇವರೇ ಹೇಳಿದಾನೆ ಅಂತಾಳೆ, ತಾತ. ನಿಮ್ಮನ್ನೇ ದೇವರು ಅಂದ್ಕೊಂಡಿದಾಳೆ," ಎಂದಳು ಚಿಕ್ಕಮ್ಮ. "ನಾಳೆ ನಮ್ಮಕ್ಕಂಗೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ, ಆ ದೇವರನ್ನ ಇವಳು ಇನ್ಯಾವತ್ತಾದ್ರೂ ನಂಬ್ತಾಳಾ?"

ತಾತ ಕೈಯ ಹಿಟ್ಟು ಒರೆಸಿಕೊಂಡ. ತಾನು ದೇವರೊಂದಿಗೆ ಮುನಿಸಿಕೊಂಡದ್ದು ಬೇರೆ ಮಾತು. ಅದು ಗಡ್ಡ ಬೆಳೆದವನೊಬ್ಬನ ಸ್ವಂತ ವ್ಯವಹಾರ. ಈ ಹಲ್ಲಿಲ್ಲದ ಕೂಸು ತನ್ನಿಂದಾಗಿ, ತಾನು ಬೆವರು ಒರೆಸಿಕೊಳ್ಳುತ್ತ ಆಡಿದ ಒಂದು ಮಾತಿನಿಂದಾಗಿ, ಹಾಗೆ ಮುನಿಸಿಕೊಂಡು ಜೀವನವಿಡೀ ಕೊನೆಯ ಬೆಂಚಿನಲ್ಲಿ ಕೂರುವುದೆಂದರೆ ಅವನಿಗೆ ತಡೆಯಲಾಗಲಿಲ್ಲ. ಆ ಬೆಂಚು ಎಷ್ಟು ತಣ್ಣಗಿರುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರಾರು?

ಮೊದಲು ಅವನಿಗೆ ತೋಚಿದ್ದು ಹೇಡಿಯ ಉಪಾಯ. ಗಡ್ಡ ತೆಗೆಸಿಬಿಟ್ಟರೆ ಹೋಲಿಕೆಯೇ ಇರುವುದಿಲ್ಲವಲ್ಲ. ಹೇಳುವ ಕಷ್ಟವೂ ತಪ್ಪಿತು. ಸೀದಾ ಕ್ಷೌರದಂಗಡಿಗೆ ಹೋಗಿ ಕುರ್ಚಿಯಲ್ಲಿ ಕೂತ. ಕ್ಷೌರಿಕ ಕುತ್ತಿಗೆಗೆ ಬಟ್ಟೆ ಕಟ್ಟಿ, ಕತ್ತರಿ ಹಿಡಿದು, ಕನ್ನಡಿಯಲ್ಲಿ ಮುಖ ನೋಡಿ, ಕತ್ತರಿಯನ್ನು ಕೆಳಗಿಟ್ಟ. "ನನ್ನ ಮಗಳೂ ಸಂಡೇ ಸ್ಕೂಲಿಗೆ ಹೋಗ್ತಾಳೆ, ತಾತ. ದೇವರ ಗಡ್ಡ ಬೋಳಿಸಿದೋನು ಅನ್ನಿಸ್ಕೊಂಡು ನಾನು ಮನೆಗೆ ಹೋಗಕ್ಕಾಗಲ್ಲ," ಎಂದ. ತಮಾಷೆಗೆ ಹೇಳಿದನೋ ನಿಜಕ್ಕೂ ಹೇಳಿದನೋ, ಬಟ್ಟೆಯನ್ನಂತೂ ಬಿಚ್ಚಿದ. ತಾತ ಗಡ್ಡದ ಸಮೇತ ವಾಪಸಾದ.

ಅಂದು ಮಧ್ಯಾಹ್ನ ಗುಬ್ಬಿ ಮತ್ತೆ ಬಂದಳು. ಅಮ್ಮ ಇನ್ನೂ ಬರಲಿಲ್ಲವೆಂದು ದೂರುತ್ತಾಳೆ ಎಂದು ತಾತ ಹೆದರಿಕೊಂಡಿದ್ದ. ಅವಳು ದೂರಲಿಲ್ಲ. ಬಾಗಿಲ ಚೌಕಟ್ಟಿಗೆ ಒರಗಿ, ಅವನು ಹಿಟ್ಟು ನಾದುವುದನ್ನು, ಉಂಡೆ ಕಟ್ಟುವುದನ್ನು, ತಗಡಿನ ಮೇಲೆ ಜೋಡಿಸುವುದನ್ನು ಬಹಳ ಹೊತ್ತು ನೋಡಿದಳು. ಅವಳ ಹಣೆ ಗಂಟಿಕ್ಕಿತ್ತು. ಏನೋ ಲೆಕ್ಕ ತಾಳೆಯಾಗದವರ ಹಾಗೆ.

"ನೀನು ಬೆಳಗ್ಗೆಯಿಂದ ಸಾಯಂಕಾಲದ ತನಕ ಇಲ್ಲೇ ಇರ್ತೀಯ," ಎಂದಳು. "ನಾನು ನೋಡ್ತಾನೇ ಇರ್ತೀನಿ. ಎಲ್ಲೂ ಹೋಗಲ್ಲ ನೀನು. ಹಾಗಾದ್ರೆ ಆಸ್ಪತ್ರೇಲಿ ನಮ್ಮಮ್ಮನ ಹತ್ರ ಯಾರಿದಾರೆ?"

ತಾತನ ಕೈ ಹಿಟ್ಟಿನಲ್ಲೇ ನಿಂತಿತು. ಬನ್ನು ಸೀಯುತ್ತಿದೆ ಎಂದು ಹೇಳಿ ಭಟ್ಟಿಯ ಕಡೆ ಹೋದ. ಭಟ್ಟಿಯಲ್ಲಿ ಬನ್ನು ಇರಲೇ ಇಲ್ಲ. ಬಾಗಿಲು ತೆಗೆದು ಖಾಲಿ ಕೆಂಡ ನೋಡುತ್ತ ನಿಂತ. ತಿರುಗಿ ನೋಡಿದಾಗ ಹುಡುಗಿ ಹೋಗಿದ್ದಳು.

ಅದು ಅವನದೇ ಪ್ರಶ್ನೆ. ಪದವೂ ಬದಲಾಗಿರಲಿಲ್ಲ. ಹೆಂಡತಿಯ ಹತ್ತಿರ ಯಾರಿದ್ದರು ಎಂದು ಅವನು ಇಷ್ಟು ವರ್ಷ ಕೇಳಿಕೊಂಡೇ ಬಂದಿದ್ದ. ಕಾಣದವನು ಇದ್ದರೆಷ್ಟು ಬಿಟ್ಟರೆಷ್ಟು ಎಂದು ಅದಕ್ಕೆ ತಾನೇ ಉತ್ತರವನ್ನೂ ಕೊಟ್ಟುಕೊಂಡಿದ್ದ. ಈಗ ಈ ಮಗು ಅದೇ ಪ್ರಶ್ನೆಯನ್ನು ತಲೆಕೆಳಗು ಮಾಡಿ ಅವನ ಮುಂದಿಟ್ಟು ಹೋಗಿತ್ತು. ದೇವರು ಅವಳಿಗೆ ಕಾಣುತ್ತಿದ್ದ. ಗಡ್ಡವಿತ್ತು, ಮುಖವಿತ್ತು, ಕೈತುಂಬ ಹಿಟ್ಟಿತ್ತು. ಕಾಣುತ್ತಿದ್ದ ಎಂಬ ಕಾರಣಕ್ಕೇ ಅವಳ ಅಮ್ಮ ಒಂಟಿಯಾಗಿಬಿಟ್ಟಿದ್ದಳು.

ತಾತ ಮೂಟೆಯ ಮೇಲೆ ಕುಸಿದು ಕೂತ. ದೇವರು ತನಗೆ ಒಂದು ಸಲ ಮುಖ ತೋರಿಸಿದ್ದರೆ ಸಾಕಿತ್ತು ಎಂದು ಅವನು ಎಷ್ಟೋ ಸಲ ಅಂದುಕೊಂಡಿದ್ದ. ಹೆಂಡತಿ ತೀರಿಕೊಂಡ ಆ ಬೆಳಗ್ಗೆ ಇಲ್ಲಿ, ಈ ಭಟ್ಟಿಯ ಹತ್ತಿರ, ಅವನು ಬಂದು ಮುಖ ತೋರಿಸಿ ನಿಂತಿದ್ದರೆ? ಅಲ್ಲಿ, ಆ ಹಾಸಿಗೆಯ ಹತ್ತಿರ ಆಗ ಯಾರಿರುತ್ತಿದ್ದರು? ಸಾಯಂಕಾಲದ ಬ್ರೆಡ್ಡಿಗೆ ಹಿಟ್ಟು ಕಲಸುವುದನ್ನೂ ಮರೆತು ಅವನು ಹಾಗೆಯೇ ಕೂತಿದ್ದ. ಅಕ್ಕ ಬಂದು ಹಣೆ ಮುಟ್ಟಿ ನೋಡಿ, ಜ್ವರವಿಲ್ಲ ಎಂದು ಖಾತ್ರಿಯಾದ ಮೇಲೆ ಬೈದಳು.

ಮರುದಿನ ಬೆಳಗಿನ ಬ್ರೆಡ್ಡು ಮುಗಿಸಿ ಅವನು ಬೋರ್ಡಣ್ಣನನ್ನು ಶೆಡ್ಡಿನಿಂದ ಎಬ್ಬಿಸಿಕೊಂಡು ಪಾದ್ರಿಗಳ ಮನೆಗೆ ಹೋದ. ಮುಖ ಅಳಿಸಬೇಕು ಎಂದ. ಬೋರ್ಡಣ್ಣ ಬೆಚ್ಚಿದ. ಜೀವಮಾನದಲ್ಲಿ ಬರೆದದ್ದರಲ್ಲೆಲ್ಲ ಅದೇ ಒಳ್ಳೆಯ ಕೆಲಸ, ಆ ಹುಬ್ಬೊಂದಕ್ಕೇ ಅರ್ಧ ದಿನ ಹಿಡಿದಿತ್ತು ಎಂದು ಗೋಗರೆದ. ಬೇಕಾದರೆ ಹುಬ್ಬು ಪೂರ್ತಿ ಮಾಡಿಕೊಡುತ್ತೇನೆ ಎಂದ. ತಾತ ಪಾದ್ರಿಗಳಿಗೆ ಗುಬ್ಬಿಯ ಪ್ರಶ್ನೆಯನ್ನು ಹೇಳಿದ.

ಅಂದೇ ಅಳಿಸಿ ಎನ್ನಬೇಕಿತ್ತು, ದಾಕ್ಷಿಣ್ಯಕ್ಕೆ ಬಿದ್ದೆ ಎಂದರು ಪಾದ್ರಿಗಳು. ಆಮೇಲೆ ಪೀಠದ ಮೇಲೆ ನಿಂತಾಗ ಆಡುವ ದನಿಯಲ್ಲಲ್ಲ, ಮನೆಯ ಜಗುಲಿಯ ದನಿಯಲ್ಲಿ ಮಾತಾಡಿದರು.

"ತಂದೆಯನ್ನ ಯಾರೂ ಕಂಡಿಲ್ಲ ಅಂತಲೇ ನಾವು ನಂಬೋದು, ತಾತ. ಯೇಸುಸ್ವಾಮಿ ಕಾಣೋ ಹಾಗೆ ಬಂದ್ರು, ನಿಜ. ಆದ್ರೆ ಒಂದೂರಲ್ಲಿದ್ರೆ ಇನ್ನೊಂದೂರಲ್ಲಿ ಇರ್ತಿರಲಿಲ್ಲ. ಅವರ ಗೆಳೆಯನೇ ಕಾಯಿಲೆ ಬಿದ್ದು ಸತ್ತಾಗ ಅವರು ಬೇರೆಲ್ಲೋ ಇದ್ರು. ನೀವು ಇಲ್ಲಿದ್ದಿದ್ರೆ ನಮ್ಮಣ್ಣ ಸಾಯ್ತಿರಲಿಲ್ಲ ಅಂತ ಅವನ ತಂಗಿ ಅತ್ತಳು. ಅದಕ್ಕೇ ಇರಬೇಕು, ಹೊರಡೋ ಮುಂಚೆ ಅವರು ಶಿಷ್ಯರಿಗೆ, ನಾನು ಕಣ್ಮರೆಯಾಗೋದೇ ನಿಮಗೆ ಒಳ್ಳೇದು ಅಂದ್ರು. ಆಮೇಲೆ ಯಾವ ಹಾಸಿಗೆ ಹತ್ರಾನೂ ಅವರಿಲ್ಲ ಅನ್ನೋ ಹಾಗಿಲ್ಲ."

ಇದನ್ನೆಲ್ಲ ಮೊದಲೇ ಯಾಕೆ ಹೇಳಲಿಲ್ಲ ಎಂದು ತಾತ ಕೇಳಿದ. ಹೇಳಿದ್ದೇನೆ, ಪ್ರತಿ ವರ್ಷ ಹೇಳುತ್ತೇನೆ, ನೀವು ಗೊರಕೆ ಹೊಡೆಯುತ್ತಿರುತ್ತೀರಿ ಎಂದರು ಪಾದ್ರಿಗಳು. ಬೋರ್ಡಣ್ಣ ಅಷ್ಟು ದುಃಖದಲ್ಲೂ ನಕ್ಕ. ಕೊನೆಗೆ ಶನಿವಾರ ಗೋಡೆ ಕೆರೆಯುವುದೆಂದು ಮಾತಾಯಿತು. ಅದಕ್ಕೆ ಮೊದಲು ತಾನು ಮಗುವಿಗೆ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ದೇವರನ್ನು ಯಾರೋ ಕೊಂದರು ಎಂದುಕೊಂಡಾಳು ಎಂದ ತಾತ.

ಹೇಳುವುದು ಸುಲಭವಾಗಿರಲಿಲ್ಲ. ಮೂಟೆಯ ಮೇಲೆ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬಿಸಿ ಬನ್ನೊಂದನ್ನು ಕೈಗೆ ಕೊಟ್ಟು, ಬೋರ್ಡಣ್ಣನ ಕೈಯ ಗುಣದಿಂದ ಆರಂಭಿಸಿ, ದರ್ಜಿಯ ನಾಯಿ ಸಿಂಹವಾದ ಕಥೆ ಹೇಳಿ, ಸುತ್ತಿ ಬಳಸಿ ಕೊನೆಗೆ ವಿಷಯಕ್ಕೆ ಬಂದ.

"ನಾನು ದೇವರಲ್ಲಮ್ಮ. ಬರೀ ಬೇಕರಿಯೋನು."

ಗುಬ್ಬಿ ಅವನ ಗಡ್ಡ ನೋಡಿದಳು, ಅರ್ಧ ಹುಬ್ಬು ನೋಡಿದಳು. "ಹಾಗಾದ್ರೆ ದೇವರು ಎಲ್ಲಿದಾನೆ? ಅಮ್ಮನ ಹತ್ರ ಇದಾನಾ?"

ಇಲ್ಲಿ ಸುಳ್ಳು ಹೇಳುವ ಹಾಗಿರಲಿಲ್ಲ. ಗೊತ್ತಿಲ್ಲ ಎಂದು ತಪ್ಪಿಸಿಕೊಳ್ಳುವ ಹಾಗೂ ಇರಲಿಲ್ಲ. ಇಷ್ಟು ವರ್ಷ ಅಕ್ಕನಿಗೆ ಬಿಟ್ಟುಕೊಡದ ಮಾತು. ತಾತ ಒಂದು ಕ್ಷಣ ಕಣ್ಣು ಮುಚ್ಚಿದ. ಬಿಳಿ ಹೊದಿಕೆಯ ಆ ಹಾಸಿಗೆ ಕಂಡಿತು.

"ಇದಾನೆ," ಎಂದ.

"ಅಮ್ಮಂಗೆ ಕಾಣ್ತಾನಾ?"

"ಇಲ್ಲ ಕಂದಾ. ಕಾಣೋ ಹಾಗಿದ್ದಿದ್ರೆ ನನ್ನ ಹಾಗೇ ಒಂದೇ ಕಡೆ ಕೂತಿರಬೇಕಾಗ್ತಿತ್ತು. ಇಲ್ಲಿದ್ರೆ ಅಲ್ಲಿಲ್ಲ, ಅಲ್ಲಿದ್ರೆ ಇಲ್ಲಿಲ್ಲ. ಕಾಣದೇ ಇರೋದ್ರಿಂದ ಅವನು ನಿನ್ನ ಹತ್ರಾನೂ ಇರಬಹುದು, ಅಮ್ಮನ ಹತ್ರಾನೂ ಇರಬಹುದು."

ಇದು ಅವಳಿಗೆ ಒಪ್ಪಿಗೆಯಾದ ಹಾಗೆ ಕಂಡಿತು. ಗಂಟಿಕ್ಕಿದ್ದ ಹಣೆ ಸಡಿಲವಾಯಿತು. ತಾತ ಉಸಿರು ಬಿಡುವಷ್ಟರಲ್ಲಿ ಅವಳಿಗೆ ಇನ್ನೊಂದು ನೆನಪಾಯಿತು. "ಮತ್ತೆ ಅಮ್ಮ ಬೇಗ ಬರ್ತಾಳೆ ಅಂದಿದ್ದು?"

"ಅದು ನಾನು ಹೇಳಿದ್ದು. ನಂಗೇನೂ ಗೊತ್ತಿರಲಿಲ್ಲ. ಆಸೆಯಿಂದ ಅಂದುಬಿಟ್ಟೆ. ತಪ್ಪಾಯ್ತು ಮಗು."

ಗುಬ್ಬಿ ಎದ್ದಳು. ಅರ್ಧ ತಿಂದ ಬನ್ನನ್ನು ಮೂಟೆಯ ಮೇಲೆ ಇಟ್ಟಳು. ತುಟಿ ಬಿಗಿಯಾಗಿತ್ತು, ಗಲ್ಲ ಅದುರುತ್ತಿತ್ತು. ಹೊರಟುಹೋದಳು. ತಾತ ಕರೆಯಲಿಲ್ಲ. ಮೋಸಹೋದವರಿಗೆ ಸಿಟ್ಟು ಮಾಡಿಕೊಳ್ಳುವ ಹಕ್ಕಿದೆ ಎಂದು ಅವನಿಗೆ ಅನುಭವದಿಂದ ಗೊತ್ತಿತ್ತು. ಅವಳು ಯಾರ ಮೇಲೆ ಸಿಟ್ಟಾಗಿದ್ದಾಳೆ ಎಂಬುದೊಂದೇ ಅವನಿಗೆ ಕಳವಳ. ತನ್ನ ಮೇಲಾದರೆ ಆಗಲಿ, ಇನ್ನೊಬ್ಬನ ಮೇಲೆ ಆಗದಿರಲಿ ಎಂದುಕೊಂಡ. ಅದು ಒಂದು ಪ್ರಾರ್ಥನೆ ಎಂದು ಅವನಿಗೆ ಹೊಳೆಯಲಿಲ್ಲ. ಮಾತು ಬಿಟ್ಟು ಎಷ್ಟೋ ವರ್ಷವಾದ ಮೇಲಿನ ಮೊದಲ ಮಾತು ಅದು.

ಶನಿವಾರ ಬೋರ್ಡಣ್ಣ ಏಣಿ ಹತ್ತಿ ಗೋಡೆ ಕೆರೆದ. ಕೈ ಬರುತ್ತಿಲ್ಲ ಎಂದು ಎರಡು ಸಲ ಕೆಳಗಿಳಿದ. ಮೋಡಗಳ ನಡುವಿನ ಮುದುಕ ಪೂರ್ತಿ ಹೋದ ಮೇಲೆ ಅಲ್ಲಿ ಆಕಾಶದ ನೀಲಿ ಬಳಿದ. ಹಳೆಯ ನೀಲಿಗೂ ಹೊಸ ನೀಲಿಗೂ ಹೊಂದಿಕೆಯಾಗದೆ ಸ್ವಲ್ಪ ಬೆಳ್ಳಗಿನ ಒಂದು ಜಾಗ ಉಳಿದುಕೊಂಡಿತು. ಎಷ್ಟು ಸಲ ಬಳಿದರೂ ಅದು ಹೋಗಲಿಲ್ಲ. ಕೆಲಸವೆಲ್ಲ ಮುಗಿದ ಮೇಲೆ, ಅಷ್ಟು ಚೆಂದದ ಗಡ್ಡ ಸುಮ್ಮನೆ ಹಾಳಾಯಿತಲ್ಲ ಎಂಬ ಸಂಕಟಕ್ಕೆ, ಅವನು ಮೂಲೆಯ ಮೇಕೆಗೆ ಅದನ್ನು ಬರೆದುಬಿಟ್ಟ. ಜೊತೆಗೆ ಅರ್ಧ ಹುಬ್ಬನ್ನೂ.

ಭಾನುವಾರದಿಂದ ಬೀದಿಯ ಮಕ್ಕಳು ಬೇಕರಿಯ ಮುಂದೆ ಮ್ಯಾ ಎಂದು ಕೂಗಿ ಓಡತೊಡಗಿದವು. ಕಾಲ ಸರಿಹೋಯಿತು ಎಂದು ಅಕ್ಕ ನಿಟ್ಟುಸಿರು ಬಿಟ್ಟಳು. ತಾತ ಬಾಚಣಿಗೆಯನ್ನು ಕಪಾಟಿನಲ್ಲಿಟ್ಟು, ಭಟ್ಟಿಯನ್ನು ಮೊದಲಿನ ದನಿಯಲ್ಲೇ ಬೈಯತೊಡಗಿದ. ಗುಬ್ಬಿ ಮಾತ್ರ ಬರಲಿಲ್ಲ. ಪ್ರತಿ ಮಧ್ಯಾಹ್ನ ತಾತ ಒಂದು ಬನ್ನನ್ನು ಪಕ್ಕದ ಬಾಗಿಲ ಹತ್ತಿರ ಇಡುತ್ತಿದ್ದ, ಸಾಯಂಕಾಲ ಅದನ್ನು ತೆಗೆಯುತ್ತಿದ್ದ. ಆಪರೇಷನ್ ಆಯಿತೆಂದು ಚಿಕ್ಕಮ್ಮ ಹೇಳಿಹೋದಳು. ಕಷ್ಟದಲ್ಲಿದ್ದಾಳೆ ಎಂದಳೊಮ್ಮೆ, ಗಂಜಿ ಕುಡಿದಳು ಎಂದಳೊಮ್ಮೆ. ಗುಬ್ಬಿ ಈಗ ಹೊಸ್ತಿಲಲ್ಲಿ ಕೂರುವುದಿಲ್ಲ, ಹೊತ್ತಿಗೆ ಸರಿಯಾಗಿ ಮಲಗುತ್ತಾಳೆ ಎಂದೂ ಹೇಳಿದಳು. ಅಮ್ಮನ ಹತ್ರ ಇರೋವ್ರು ಇದಾರಂತೆ, ತಾನು ಕಾಯಬೇಕಾಗಿಲ್ಲವಂತೆ. ತಾತ ಆ ಮಾತನ್ನು ಇನ್ನೊಂದು ಸಲ ಹೇಳಿಸಿದ.

ಬಿಸಿಲು ಇಳಿಯುತ್ತಿದ್ದ ಒಂದು ಹೊತ್ತಿನಲ್ಲಿ ಬೇಕರಿಯ ಮುಂದೆ ಒಂದು ಆಟೋ ನಿಂತಿತು. ಚಿಕ್ಕಮ್ಮನ ತೋಳು ಹಿಡಿದು ಹೊಲಿಗೆಯವಳು ಇಳಿದಳು. ಬಟ್ಟೆ ಅವಳ ಮೈಮೇಲೆ ನೇತುಹಾಕಿದ ಹಾಗಿತ್ತು. ಮನೆಗೆ ಹೋಗುವ ಮೊದಲು ಇಲ್ಲಿಗೇ ಬರಬೇಕೆಂದು ಮಗಳು ಹಟ ಹಿಡಿದಿದ್ದಳಂತೆ. ಅಕ್ಕ ಓಡಿಹೋಗಿ ಕುರ್ಚಿ ತಂದಳು. ತಾತ ಹಿಟ್ಟಿನ ಕೈಯಲ್ಲೇ ಹೊರಗೆ ಬಂದ. ಗುಬ್ಬಿ ಅಮ್ಮನ ಬೆರಳು ಹಿಡಿದುಕೊಂಡು, ದೊಡ್ಡವರು ಪರಿಚಯ ಮಾಡಿಕೊಡುವ ಗತ್ತಿನಲ್ಲಿ ಹೇಳಿದಳು.

"ಅಮ್ಮಾ, ಇವರೇ. ದೇವರಲ್ಲದವರು."

ಅಕ್ಕನಿಗೆ ಈ ಸಲ ನಿಜವಾದ ಕೆಮ್ಮು ಬಂತು. ಹೊಲಿಗೆಯವಳು ನಗಲು ಹೋಗಿ ಹೊಟ್ಟೆ ಹಿಡಿದುಕೊಂಡಳು, ಹೊಲಿಗೆಗಳು ಇನ್ನೂ ಹಸಿಯಾಗಿದ್ದವು. ತಾತನೂ ನಕ್ಕ. ನಕ್ಕು, ನಿಂತ. ಕೇಳಬೇಕಾದ ಒಂದು ಮಾತು ಉಳಿದಿತ್ತು. ಕಾಯಿಲೆಯಿಂದ ಎದ್ದು ಬಂದವಳನ್ನು ಕೇಳಬಾರದೇನೋ, ಆದರೆ ಕೇಳದೆ ಇರಲಾಗಲಿಲ್ಲ.

"ಅಲ್ಲಿ ಒಬ್ಬಳೇ ಇದ್ದೆಯೇನಮ್ಮ?"

ಹೊಲಿಗೆಯವಳು ಸ್ವಲ್ಪ ಯೋಚಿಸಿದಳು. ಸುಮ್ಮನೆ ಒಪ್ಪಿಸುವ ಉತ್ತರ ಕೊಡುವವಳಲ್ಲ ಅವಳು.

"ಆಪರೇಷನ್ನಿಗೆ ತಳ್ಕೊಂಡು ಹೋಗುವಾಗ ಯಾರೂ ಇರಲಿಲ್ಲ, ತಾತ. ಇವರಪ್ಪ ಇನ್ನೂ ದಾರೀಲಿದ್ರು. ತುಂಬ ಹೆದರಿಕೆ ಆಯ್ತು. ಅತ್ತುಬಿಟ್ಟೆ," ಎಂದಳು. ಆಮೇಲೆ, ತನಗೇ ಅರ್ಥವಾಗದ್ದನ್ನು ಹೇಳುವವಳ ಹಾಗೆ ನಿಧಾನವಾಗಿ, "ಆದ್ರೆ ಒಬ್ಬಳೇ ಇದೀನಿ ಅಂತ ಮಾತ್ರ ಅನ್ನಿಸಲಿಲ್ಲ. ಯಾಕೋ ಗೊತ್ತಿಲ್ಲ," ಎಂದಳು.

ತಾತ ತಲೆಯಾಡಿಸಿದ. ಬನ್ನು ಸೀಯುತ್ತಿದೆ ಎಂದು ಹೇಳಿ ಒಳಗೆ ಹೋದ. ಅಕ್ಕ ಹಿಂದೆಯೇ ಬಂದಳು, ಏಕೆಂದರೆ ಭಟ್ಟಿಯಲ್ಲಿ ಏನೂ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಅವನು ಗೋಡೆಗೆ ಮುಖ ಮಾಡಿ ನಿಂತಿದ್ದ. ತಿರುಗಿದಾಗ ಕೆನ್ನೆಯ ಹಿಟ್ಟಿನ ಮೇಲೆ ಎರಡು ಗೆರೆ ಗಡ್ಡದವರೆಗೆ ಇಳಿದಿದ್ದವು.

"ಅಕ್ಕಾ," ಎಂದ, "ಅವಳೂ ಒಬ್ಬಳೇ ಇರಲಿಲ್ಲ."

ಅಕ್ಕ ತನ್ನ ಸೆರಗಿನ ತುದಿಯಿಂದ ಅವನ ಮುಖ ಒರೆಸಿದಳು, ಚಿಕ್ಕಂದಿನಲ್ಲಿ ಒರೆಸುತ್ತಿದ್ದ ಹಾಗೆಯೇ, ಸ್ವಲ್ಪ ಒರಟಾಗಿ. "ಇಷ್ಟು ವರ್ಷದಿಂದ ನಾನು ಇನ್ನೇನೋ ಹೇಳ್ತಿದ್ದದ್ದು?" ಎಂದಳು.

ಹೊರಗಿನಿಂದ ಗುಬ್ಬಿ ಕರೆಯುತ್ತಿದ್ದಳು. ಅವಳಿಗೆ ಹಸಿವಾಗಿತ್ತು. "ತಾತಾ, ನೀವು ಬನ್ನು ಕೊಡ್ತೀರಾ?" ಎಂದು ಕೇಳುತ್ತಿದ್ದಳು. ತಾತ ಮೂಗು ಒರೆಸಿಕೊಂಡು, ಬಂದೆ ಬಂದೆ ಎನ್ನುತ್ತ, ತಗಡಿನಿಂದ ಅತಿ ದೊಡ್ಡದನ್ನು ಆರಿಸಿಕೊಂಡು ಹೋದ.